ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ 300 ಗಜ: ಸಿವಿಎ ಪ್ಯಾರಾಮೌಂಟ್ ಬಳಸಿದ ಮೇಲೆ

300 ಗಜ ದೂರ ಹೊಡೆಯೋದಕ್ಕಾಗಿ ಈ ಕೋವಿ ತಗೋಬೇಡಿ. 200 ಗಜದೊಳಗೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬೀಳುವ ಗುಂಡು ಬೇಕು ಅಂತಿದ್ದರೆ ತಗೊಳ್ಳಿ. ಓಹಾಯೋದಲ್ಲಿ ಕೆಲವು ಸೀಸನ್‌ಗಳಿಂದ ಸಿವಿಎ ಕಂಪನಿಯ ಪ್ಯಾರಾಮೌಂಟ್ ಕೋವಿ ಬಳಸಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಇದು.

ಊರಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪ ಕೇಳುತ್ತಾರೆ, "ಮಾರಾಯ, ಅಮೆರಿಕದಲ್ಲಿ ಕೂತು ಇನ್ನೂ ಕೇಪಿನ ಕೋವಿ ಯಾಕೆ?" ಕಾರಣ ಇಲ್ಲಿನ ಜಿಂಕೆ ಸೀಸನ್. ಓಹಾಯೋದಲ್ಲಿ ಮಾಮೂಲಿ ಬೇಟೆ ರೈಫಲ್‌ನಿಂದ ಜಿಂಕೆ ಹೊಡೆಯುವ ಹಾಗಿಲ್ಲ. ಶಾಟ್‌ಗನ್, ನೇರ ಗೋಡೆಯ (ತುದಿಯಲ್ಲಿ ಕಿರಿದಾಗದ) ತೋಟಾ ಹಾಕುವ ರೈಫಲ್, ಇಲ್ಲವೇ ಬಾಯಿಂದ ತುಂಬುವ ಕೋವಿ, ಉದ್ದ ಕೋವಿಗಳಲ್ಲಿ ಇಷ್ಟಕ್ಕೇ ಅವಕಾಶ. ಬಾಯಿಂದ ತುಂಬುವ ಕೋವಿಗೆ ಜನವರಿಯಲ್ಲಿ ಬೇರೆಯದೇ ಸೀಸನ್ ಇದೆ. ಹಲವು ರಾಜ್ಯಗಳಲ್ಲಿ ಇಂಥ ಸೀಸನ್ ಇದೆ. ಈ ಕೋವಿಗಳು ಇಷ್ಟು ಮುಂದುವರಿದದ್ದು ಅದರಿಂದಲೇ. 1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಕೆ-85 ಅನ್ನುವ ಕೋವಿ ತಂದರು. ಅದರಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು ಪಕ್ಕದಲ್ಲಿರದೆ ನಳಿಗೆಯ ನೇರ ಹಿಂದೆ ಕೂರುತ್ತಿತ್ತು. ಈಗಿನ ಎಲ್ಲ ಇನ್‌ಲೈನ್ ಕೋವಿಗಳೂ ಆ ಜಾಡಿನಲ್ಲೇ ಬಂದವು.

ಹಾಗಂತ ದೂರಕ್ಕೆ ಹೊಡೆಯೋದು ಹೊಸ ವಿಷಯ ಅಲ್ಲ. 1860ರಲ್ಲಿ ವಿಂಬಲ್ಡನ್‌ನಲ್ಲಿ ವಿಕ್ಟೋರಿಯಾ ರಾಣಿ ಸ್ಟ್ಯಾಂಡ್‌ಗೆ ಬಿಗಿದಿಟ್ಟಿದ್ದ ವಿಟ್ವರ್ತ್ ರೈಫಲ್‌ನಿಂದ ಗುಂಡು ಹಾರಿಸಿದ್ದರು. 400 ಗಜದಲ್ಲಿ ಅದು ನಡುಬಿಂದುವಿನಿಂದ ಒಂದೂಕಾಲು ಇಂಚು ದೂರದಲ್ಲಿ ಬಿತ್ತು. 1874ರಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್‌ನಲ್ಲಿ ಐರಿಶ್ ತಂಡ ಬಾಯಿಂದ ತುಂಬುವ ರಿಗ್ಬಿ ರೈಫಲ್ ಹಿಡಿದು ಸಾವಿರ ಗಜದವರೆಗೆ ಹೊಡೆಯಿತು. ಹಿಂದಿನಿಂದ ತುಂಬುವ ರೈಫಲ್ ಹಿಡಿದಿದ್ದ ಅಮೆರಿಕನ್ನರ ಎದುರು ಸೋತದ್ದು 934ಕ್ಕೆ 931ರಲ್ಲಿ. ಮೂರೇ ಅಂಕ! ಬಾಯಿಂದ ತುಂಬಿದರೆ ಗುರಿ ಸಿಗಲ್ಲ ಅನ್ನುವವರಿಗೆ ನಾನು ಯಾವಾಗಲೂ ಈ ಲೆಕ್ಕ ಹೇಳುತ್ತೇನೆ.

ನಮ್ಮ ಮಲೆನಾಡಿನ ಹಳೇ ಒಂಟಿ ನಳಿಗೆಯ ಕೋವಿ ಒಳಗೆ ನುಣುಪು. ಅದರಿಂದ 40 ಗಜದಾಚೆ ನಂಬಿಕೆಯಿಂದ ಹೊಡೆಯೋದು ಕಷ್ಟ. ಪ್ಯಾರಾಮೌಂಟ್ .45 ಕ್ಯಾಲಿಬರ್‌ನದು, ಅಂದರೆ ನಳಿಗೆಯ ಒಳ ಅಗಲ 0.45 ಇಂಚು. ಬರ್ಗಾರಾ ಮಾಡಿದ 26 ಇಂಚಿನ ನಳಿಗೆ, ಅದರೊಳಗೆ ಗುಂಡನ್ನು ತಿರುಗಿಸಿ ನೇರ ಕಳಿಸಲು 22 ಇಂಚಿಗೆ ಒಂದು ಸುತ್ತು ತಿರುಗುವ ಗೀರು. ದುಂಡು ಗುಂಡು ಹಾಕುವ ರೈಫಲ್‌ಗಳಲ್ಲಿ ಈ ಸುತ್ತು ಸಾಮಾನ್ಯವಾಗಿ 48 ಇಲ್ಲವೇ 66 ಇಂಚಿಗೆ ಒಂದು. ಉದ್ದನೆಯ ಚೂಪು ಗುಂಡಿಗೆ ಅಷ್ಟು ನಿಧಾನದ ಸುತ್ತು ಸಾಲದು. 280 ಗ್ರೇನ್ (ಸುಮಾರು 18 ಗ್ರಾಂ) ತೂಕದ ಪವರ್‌ಬೆಲ್ಟ್ ಇಎಲ್ಆರ್ ಗುಂಡು ಇದರಿಂದ ಸೆಕೆಂಡಿಗೆ 2,200 ಅಡಿ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ.

ಗುರಿಯ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ ಇದೆ. ಬೆಂಚಿನ ಮೇಲೆ ಕೂತು ಹೊಡೆದರೆ 100 ಗಜದಲ್ಲಿ ಮೂರು ಗುಂಡು ಒಂದೂವರೆ ಇಂಚಿನೊಳಗೆ ಬೀಳುತ್ತವೆ. 200 ಗಜದಲ್ಲಿ ಮೂರು ಇಂಚು. 300ರಲ್ಲಿ ಗಾಳಿ ಇಲ್ಲದ ಬೆಳಿಗ್ಗೆ ಐದಾರು ಇಂಚು.

ಗಾಳಿ ಇಲ್ಲದ ಬೆಳಿಗ್ಗೆ ಅಂದೆ, ಗಮನಿಸಿ. 100 ಗಜಕ್ಕೆ ಸ್ಕೋಪ್ ಹೊಂದಿಸಿದರೆ ಈ ಗುಂಡು 200ರಲ್ಲಿ ಸುಮಾರು 8 ಇಂಚು, 300ರಲ್ಲಿ ಎರಡು ಅಡಿಗೂ ಜಾಸ್ತಿ ಕೆಳಗೆ ಬೀಳುತ್ತದೆ. ಅದೇನೂ ತೊಂದರೆ ಇಲ್ಲ. ದೂರ ಅಳೆಯುವ ರೇಂಜ್‌ಫೈಂಡರ್ ಇದೆ, ಸ್ಕೋಪಿನ ನಾಬ್ ತಿರುಗಿಸಿಕೊಂಡರೆ ಆಯ್ತು. ಗಾಳಿಗೆ ಮಾತ್ರ ಅಂಥ ಉಪಾಯ ಇಲ್ಲ. ಗಂಟೆಗೆ 10 ಮೈಲಿ ಅಡ್ಡಗಾಳಿ ಬೀಸಿದರೆ 200 ಗಜದಲ್ಲಿ ನಾಲ್ಕೈದು ಇಂಚು, 300ರಲ್ಲಿ ಹತ್ತಿರ ಹತ್ತಿರ ಒಂದು ಅಡಿ ಪಕ್ಕಕ್ಕೆ ಸರಿಯುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳಲು ಅಷ್ಟು ಸಾಕು. ಎರಡನೇ ಗುಂಡು ತುಂಬುವಷ್ಟರಲ್ಲಿ ಆ ಗಾಯಗೊಂಡ ಜೀವ ಕಾಡು ಸೇರಿರುತ್ತದೆ. ಅದಕ್ಕೇ ಜೀವ ಇರುವ ಗುರಿಗೆ ನಾನು 200 ಗಜದಲ್ಲಿ ಗೆರೆ ಎಳೆದಿದ್ದೇನೆ. 300 ಏನಿದ್ದರೂ ಕಬ್ಬಿಣದ ತಟ್ಟೆಗೆ. ಕೋವಿಯ ತಾಕತ್ತು ಬೇರೆ, ಹೊಡೆಯುವವನ ಹಕ್ಕು ಬೇರೆ.

ಇನ್ನು ತುಂಬುವ ಕೆಲಸ. ಇದರ ಗುಟ್ಟೆಲ್ಲ ಅಲ್ಲೇ ಇದೆ. ನಾನು ಬಳಸೋದು ಬ್ಲ್ಯಾಕ್‌ಹಾರ್ನ್ 209 ಮದ್ದು. ಮನೆಯಲ್ಲೇ ತಕ್ಕಡಿಯಲ್ಲಿ ತೂಗಿ, ಪುಟ್ಟ ಪ್ಲಾಸ್ಟಿಕ್ ಕೊಳವೆಗಳಿಗೆ ಹಾಕಿ ಮುಚ್ಚಿಡುತ್ತೇನೆ. ತುಂಬುವಾಗ ಕೊಳವೆಯ ಮದ್ದು ಸುರಿದು, ನಳಿಗೆಯ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ತಟ್ಟುತ್ತೇನೆ. ಗುಂಡನ್ನು ನಳಿಗೆಯ ಬಾಯಿಗಿಟ್ಟು ಒತ್ತಿದರೆ ಮೊದಲ ಒಂದಿಂಚು ಸ್ವಲ್ಪ ಬಿಗಿ. ಆಮೇಲೆ ಗುಂಡು ತಳ್ಳುವ ಕಡ್ಡಿ ಒಂದೇ ಸಮ ಇಳಿಯಬೇಕು. ತಳದಲ್ಲಿ ಮದ್ದು ಸಿಕ್ಕಿದ್ದು ಕೈಗೆ ಮೆತ್ತಗೆ ಗೊತ್ತಾಗುತ್ತದೆ. ಕಡ್ಡಿಗೆ ಹಾಕಿಕೊಂಡ ಗೀಟು ನಳಿಗೆಯ ಬಾಯಿಗೆ ಸರಿಯಾಗಿ ಬಂತಾ ಅಂತ ನೋಡಬೇಕು. ಗೀಟು ಮೇಲಿದ್ದರೆ ಗುಂಡು ಪೂರ್ತಿ ಕೂತಿಲ್ಲ ಅಂತ ಅರ್ಥ. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಒಡೆಯಬಹುದು. ಗುಂಡಿನ ಮೇಲೆ ಒತ್ತಡವೂ ಪ್ರತಿ ಸಲ ಒಂದೇ ಇರಬೇಕು. ಒಮ್ಮೆ ಜೋರು, ಒಮ್ಮೆ ಮೆಲ್ಲಗೆ ಒತ್ತಿದರೆ 200 ಗಜದ ಹಾಳೆ ಅದನ್ನು ಹೇಳಿಬಿಡುತ್ತದೆ.

ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಹಳೇ ಪದ್ಧತಿಯಲ್ಲಿ ಮದ್ದನ್ನು ಅಳತೆ ಕೊಳವೆಯಲ್ಲಿ ಅಳೆಯುತ್ತಾರೆ. ಬ್ಲ್ಯಾಕ್‌ಹಾರ್ನ್‌ನಲ್ಲಿ 100 ಗ್ರೇನ್ ಅಳತೆ ಅಂದರೆ ತೂಕದಲ್ಲಿ 70 ಗ್ರೇನ್ ಮಾತ್ರ. ಯಾರಾದರೂ "ನಾನು 100 ಹಾಕ್ತೀನಿ" ಅಂದರೆ ಅಳತೆಯಾ ತೂಕವಾ ಕೇಳಿ. ಇನ್ನೊಂದು ಮಾತು, ಮಾಮೂಲಿ ರೈಫಲ್ ತೋಟಾಗೆ ಹಾಕುವ ಹೊಗೆರಹಿತ ಮದ್ದನ್ನು ಇದಕ್ಕೆ ಯಾವತ್ತೂ ಹಾಕಬಾರದು. ಕೋವಿ ಸಿಡಿದು ಕೈ ಕಣ್ಣು ಹೋಗುವ ವಿಷಯ ಅದು.

ಪ್ಯಾರಾಮೌಂಟ್‌ಗೆ ಕೇಪಿನ ಬದಲು ವೇರಿಫ್ಲೇಮ್ ಅನ್ನುವ ಪುಟ್ಟ ಹಿತ್ತಾಳೆ ಕವಚ. ಅದರೊಳಗೆ ಕಿಡಿ ಕೊಡುವ ರೈಫಲ್ ಪ್ರೈಮರ್ ಕೂರಿಸಿ ಬೋಲ್ಟ್ ಮುಚ್ಚಬೇಕು. ಚಳಿಯಲ್ಲಿ ಗ್ಲೌಸ್ ಹಾಕಿಕೊಂಡು ಇದನ್ನು ಹಿಡಿಯೋದು ಸ್ವಲ್ಪ ಕಿರಿಕಿರಿ. ಆದರೆ ಹೊಗೆಮಸಿ ಹಿಂದಕ್ಕೆ ಬರೋದು ತೀರಾ ಕಡಿಮೆ, ಬೋಲ್ಟ್ ಚೊಕ್ಕಟವಾಗಿರುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಜನವರಿಯ ಹಿಮದಲ್ಲೂ ಹತ್ತದೆ ಹೋದ ಈಡು ನನ್ನ ಕೈಯಲ್ಲಿ ಇಲ್ಲ. ಒಂದೇ ನಿಯಮ: ಚಳಿಯಲ್ಲಿದ್ದ ಕೋವಿಯನ್ನು ಬೆಚ್ಚಗಿನ ಕೋಣೆಗೆ ತರಬೇಡಿ, ನಳಿಗೆಯೊಳಗೆ ನೀರು ಬೆವರುತ್ತದೆ. ಪ್ರೈಮರ್ ತೆಗೆದು, ಬೀಗ ಹಾಕಿದ ತಣ್ಣನೆಯ ಜಾಗದಲ್ಲಿಡಿ.

ತೊಳೆಯೋದು ಹಳೇ ಕರಿಮದ್ದಿನಷ್ಟು ರಗಳೆ ಅಲ್ಲ. ಬಿಸಿನೀರು, ಸೋಪು ಬೇಡ. ರೈಫಲ್ ಸಾಲ್ವೆಂಟ್ ಹಚ್ಚಿದ ಬಟ್ಟೆ ಸಾಕು. ನಳಿಗೆಯ ಹಿಂಬದಿ ಮುಚ್ಚುವ ತಿರುಪು, ಅಂದರೆ ಬ್ರೀಚ್ ಪ್ಲಗ್ ಮಾತ್ರ ಪ್ರತಿ ಸಲ ಬಿಚ್ಚಿ, ಬೆಂಕಿ ಹಾಯುವ ತೂತಿನ ಮಸಿ ಕೆರೆದು, ತಿರುಪಿನ ಎಳೆಗಳಿಗೆ ಗ್ರೀಸ್ ಹಚ್ಚಿ ಹಾಕಬೇಕು. ಇದನ್ನು ಬಿಟ್ಟರೆ ಮುಂದಿನ ವರ್ಷ ಪ್ಲಗ್ ಅಲ್ಲಾಡಲ್ಲ.

ಈಗ ದುಡ್ಡಿನ ಮಾತು. ಕೋವಿಗೆ ಸಾವಿರ ಡಾಲರ್ ಆಸುಪಾಸು. ಒಳ್ಳೇ ಸ್ಕೋಪ್ ಸೇರಿದರೆ ಇನ್ನೂ ಅರ್ಧ. ಗುಂಡು, ಮದ್ದು, ಪ್ರೈಮರ್ ಸೇರಿ ಒಂದು ಈಡಿಗೆ ನಾಲ್ಕೈದು ಡಾಲರ್ ಹೋಗುತ್ತದೆ. 10 ಔನ್ಸಿನ ಮದ್ದಿನ ಡಬ್ಬಿ, 100 ಗ್ರೇನ್ ತೂಕದ ಲೆಕ್ಕದಲ್ಲಿ, 43 ಈಡಿಗೆ ಖಾಲಿ. ತೂಕವೂ ಕಡಿಮೆ ಅಲ್ಲ. ಸ್ಕೋಪ್ ಇಲ್ಲದೆಯೇ 9 ಪೌಂಡ್ ದಾಟುತ್ತದೆ. ಹೊಲದ ಅಂಚಿನಲ್ಲಿ ಕೂತು ಕಾಯುವವರಿಗೆ ಈ ತೂಕ ಒಳ್ಳೆಯದೇ, ಕೋವಿ ಅಲ್ಲಾಡಲ್ಲ. ಗುಡ್ಡ ಹತ್ತಿ ಇಳಿಯುವವರಿಗೆ ಮಧ್ಯಾಹ್ನದೊಳಗೆ ಭುಜ ಹೇಳುತ್ತದೆ.

ದಕ್ಷಿಣ ಓಹಾಯೋದ ದಟ್ಟ ಕಾಡಿನಲ್ಲಿ ಜಿಂಕೆ ಕಾಣಿಸೋದೇ 60, 80 ಗಜದಲ್ಲಿ. ಅಲ್ಲಿಗೆ ಅದೇ ಕಂಪನಿಯ ವುಲ್ಫ್ ಸಾಕು, ಬೆಲೆ ಇದರ ಮೂರನೇ ಒಂದು ಭಾಗ. ಸುಮ್ನೆ ಸಾವಿರ ಸುರಿಯಬೇಡಿ. ಸೋಯಾ, ಜೋಳದ ಬಯಲಿನ ಅಂಚಿನಲ್ಲಿ ಕೂರುವವರಾಗಿದ್ದು, ಬೇಸಿಗೆ ಪೂರ್ತಿ ರೇಂಜ್‌ಗೆ ಹೋಗಿ ಹೊಡೆದು ಕಲಿಯುವ ಮನಸ್ಸಿದ್ದರೆ ಪ್ಯಾರಾಮೌಂಟ್‌ಗೆ ಕೊಟ್ಟ ದುಡ್ಡು ವಸೂಲಾಗುತ್ತದೆ.

ಪಶ್ಚಿಮದ ರಾಜ್ಯಗಳಿಗೆ ಹೋಗುವ ಯೋಚನೆ ಇದ್ದರೆ ಕೊಳ್ಳುವ ಮೊದಲು ನಿಯಮ ಓದಿ. ಕೊಲೊರಾಡೊದಲ್ಲಿ ಬಾಯಿಂದ ತುಂಬುವ ಕೋವಿಯ ಸೀಸನ್‌ನಲ್ಲಿ ಸ್ಕೋಪ್ ಹಾಕುವಂತಿಲ್ಲ, ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆಗೆ .50 ಕ್ಯಾಲಿಬರ್ ಆದರೂ ಇರಬೇಕು. ಅಂದರೆ .45 ಪ್ಯಾರಾಮೌಂಟ್ ಅಲ್ಲಿ ಎಲ್ಕ್‌ಗೆ ಆಗೋದೇ ಇಲ್ಲ. ಐಡಹೋದಲ್ಲಿ ಕೇಪು ಹೊರಗೆ ಕಾಣುವ ಹಾಗಿರಬೇಕು, ಇನ್ನೂ ಬಿಗಿ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ, ಆದರೆ ಮಾರುವವರ ಎದುರೇ ಬ್ರೀಚ್ ಪ್ಲಗ್ ಬಿಚ್ಚಿಸಿ ನೋಡಿ. ಕೈಯಿಂದ ಸಲೀಸಾಗಿ ತಿರುಗಿ ಬಂದು, ಟಾರ್ಚ್ ಬಿಟ್ಟಾಗ ನಳಿಗೆಯ ಹಿಂಭಾಗದ ಎರಡು ಇಂಚು ಹೊಳೆದರೆ ಬೆಲೆ ಮಾತಾಡಿ. ಬಿಚ್ಚಲು ಒಪ್ಪದಿದ್ದರೆ ವಾಪಸ್ ಬನ್ನಿ.