ಸುಣ್ಣದ ಕಲ್ಲಿನ ಗಣಿಗೆ ಮುನ್ನ ಊರನ್ನು ಕೇಳುವ ಸೇವೆ: ಚಿತ್ತಾಪುರ ತಾಲ್ಲೂಕಿನ ಒಂದು ಅನುಭವ

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ ತಾಲ್ಲೂಕುಗಳ ನೆಲದಡಿ ಸುಣ್ಣದ ಕಲ್ಲು ಹೇರಳವಾಗಿರುವುದರಿಂದ ಸಿಮೆಂಟ್ ಕಾರ್ಖಾನೆಗಳೂ ಅವುಗಳ ಗಣಿಗಳೂ ಇಲ್ಲಿನವರಿಗೆ ಹೊಸವಲ್ಲ. ಗಣಿಗೆ ಅನುಮತಿ ಕೇಳುವ ಮುನ್ನ ಊರಿನವರೊಡನೆ ಮಾತನಾಡಿ, ಪರಿಸರದ ಮೇಲೂ ಜನಜೀವನದ ಮೇಲೂ ಆಗುವ ಪರಿಣಾಮದ ವರದಿ ಬರೆದುಕೊಡುವ ಸಲಹಾ ಸಂಸ್ಥೆಗಳ ಪರಿಚಯ ಮಾತ್ರ ಇನ್ನೂ ಕಡಿಮೆ. ಕಾಗಿಣಾ ನದಿಯ ಆಸುಪಾಸಿನ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಇಂಥದೊಂದು ಸಂಸ್ಥೆ ಮಾಡಿದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಸಂಸ್ಥೆಗೆ ಹಣ ಕೊಟ್ಟದ್ದು ಕಂಪನಿಯೇ ಆದರೂ ಆ ವರದಿಯ ಫಲ ಉಣ್ಣುವವರು ನಾವಾದ್ದರಿಂದ, ಸೇವೆಯ ಗುಣಮಟ್ಟವನ್ನು ಕುರಿತು ಮಾತನಾಡುವ ಅಧಿಕಾರ ನಮಗಿದೆ.

ಒಳ್ಳೆಯದನ್ನು ಮೊದಲು ಹೇಳಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಹೊರಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಂಸ್ಥೆ ಸಿದ್ಧಪಡಿಸಿದ ಕನ್ನಡ ಸಾರಾಂಶವು ಸರಳವಾಗಿತ್ತು. ಸರ್ವೆ ನಂಬರುಗಳನ್ನು ತೋರಿಸುವ ದೊಡ್ಡ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಹಚ್ಚಿದ್ದರಿಂದ ರೈತರು ತಮ್ಮ ಹೊಲ ಗಣಿಯ ಗಡಿಯೊಳಗೆ ಬರುತ್ತದೆಯೇ ಎಂದು ತಾವೇ ನೋಡಿಕೊಂಡರು. ದೂಳು, ಬಾವಿಯ ನೀರಿನ ಮಟ್ಟ, ಸ್ಫೋಟದ ಕಂಪನ ಇವುಗಳ ಬಗ್ಗೆ ಊರಿನವರು ಕೇಳಿದ ಪ್ರಶ್ನೆಗಳಿಗೆಲ್ಲ ಸಂಸ್ಥೆಯಿಂದ ಬಂದ ಯುವ ಎಂಜಿನಿಯರುಗಳು ತಾಳ್ಮೆಯಿಂದ ಉತ್ತರಿಸಿದರು.

ತೊಂದರೆ ಇರುವುದು ಯಾರನ್ನು ಕೇಳಿದರು, ಯಾವಾಗ ಕೇಳಿದರು ಎಂಬಲ್ಲಿ. ಗಣಿಯ ಗಡಿಗೆ ಅತಿ ಸಮೀಪವಿರುವುದು ಊರಲ್ಲ, ಬಂಜಾರರ (ಲಂಬಾಣಿಗರ) ವಸತಿಯಾದ ತಾಂಡಾ. ತೊಗರಿ ರಾಶಿ ಮುಗಿದೊಡನೆ ತಾಂಡಾದ ದುಡಿಯುವ ಕೈಗಳು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ, ಮುಂಗಾರಿನ ಬಿತ್ತನೆಗೆ ಮರಳುತ್ತವೆ ಎಂಬುದು ಈ ಭಾಗದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಸಂಸ್ಥೆಯು ಮನೆ ಮನೆ ಸಮೀಕ್ಷೆಯನ್ನು ನಡೆಸಿದ್ದು ಫೆಬ್ರುವರಿಯಲ್ಲಿ. ಬೀಗ ಹಾಕಿದ ಮನೆಗಳ ಮುಂದೆ ‘ಲಭ್ಯವಿಲ್ಲ’ ಎಂದು ಬರೆದುಕೊಂಡು, ಉಳಿದಿದ್ದ ವೃದ್ಧರಿಂದ ಸಹಿ, ಹೆಬ್ಬೆಟ್ಟು ಪಡೆದು, ಒಟ್ಟಾರೆ ಸಮ್ಮತಿಯಿದೆ ಎಂಬ ತೀರ್ಮಾನವನ್ನು ವರದಿಯಲ್ಲಿ ಸೇರಿಸಲಾಯಿತು. ಅಹವಾಲು ಸಭೆಗೆ ಇಂತಿಷ್ಟು ಜನ ಹಾಜರಿರಲೇಬೇಕೆಂಬ ಕೋರಂ ನಿಯಮ ಆ ಅಧಿಸೂಚನೆಯಲ್ಲಿಲ್ಲ. ಹಾಗಾಗಿಯೇ ಜನರು ಊರಲ್ಲಿರುವ ಕಾಲವನ್ನು ಆರಿಸಿಕೊಳ್ಳುವ ಹೊಣೆ ಸಲಹಾ ಸಂಸ್ಥೆಯ ಮೇಲೆ ಹೆಚ್ಚು ಬೀಳುತ್ತದೆ. ತಾಂಡಾದ ಸಾಂಪ್ರದಾಯಿಕ ಮುಖಂಡರಾದ ನಾಯಕ, ಡಾವ, ಕಾರಭಾರಿ ಇವರನ್ನು ಮೊದಲೇ ಕೂಡಿಸಿ ಮಾತನಾಡಿದ್ದರೆ ದಿನ ಗೊತ್ತು ಮಾಡುವುದು ಕಷ್ಟವಾಗುತ್ತಿರಲಿಲ್ಲ.

ಭೂಮಿಯ ಹಕ್ಕಿನ ವಿಷಯದಲ್ಲಿ ವರದಿಯು ಪಹಣಿಯಲ್ಲಿ ಹೆಸರಿದ್ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಮಂತ್ರಿಯವರು ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ನೀಡಿದರು. ಅದು ವಾಸದ ಮನೆಗೆ ಸಂಬಂಧಿಸಿದ್ದು. ತಲೆಮಾರುಗಳಿಂದ ಉಳುತ್ತ ಬಂದ ಗಾಯರಾಣ (ಸರ್ಕಾರಿ ಗೋಮಾಳ) ಜಮೀನಿಗೆ ಬಗರ್ ಹುಕುಂ ಅರ್ಜಿ, ಅಂದರೆ ಅನಧಿಕೃತ ಸಾಗುವಳಿಯ ಸಕ್ರಮಕ್ಕೆ ಅರ್ಜಿ, ಹಾಕಿ ಕಾಯುತ್ತಿರುವವರು, ಪಾಲಿಗೆ ಹೊಲ ಮಾಡುವವರು, ಕೂಲಿಯವರು ಈ ವರದಿಯಲ್ಲಿ ಇಲ್ಲವೇ ಇಲ್ಲ. 2013ರ ಭೂಸ್ವಾಧೀನ ಕಾಯ್ದೆಯು ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ಜಮೀನಿನಲ್ಲೇ ದುಡಿದು ಬದುಕಿದ ಕೂಲಿಕಾರರನ್ನೂ ಗೇಣಿದಾರರನ್ನೂ ಬಾಧಿತ ಕುಟುಂಬವೆಂದೇ ಪರಿಗಣಿಸುತ್ತದೆ. ಗೋಮಾಳ, ದನಗಳಿಗೆ ನೀರಿನ ಆಸರೆ, ಪೂಜಾಸ್ಥಳ, ಸ್ಮಶಾನ ಇವುಗಳ ಮೇಲಾಗುವ ಪರಿಣಾಮವನ್ನೂ ನೋಡಬೇಕೆಂದು ಹೇಳುತ್ತದೆ. ಇಲ್ಲಿ ಭೂಮಿಯನ್ನು ನೇರವಾಗಿ ಖರೀದಿಸುವುದರಿಂದ ಆ ಕಾಯ್ದೆ ಅನ್ವಯಿಸುವುದಿಲ್ಲವೆಂಬುದು ಸಂಸ್ಥೆಯವರ ಉತ್ತರ. ಕಾನೂನಿನ ಒತ್ತಾಯವಿಲ್ಲದಿದ್ದರೂ ಒಳ್ಳೆಯ ಅಳತೆಗೋಲು ಕಣ್ಣೆದುರಿಗೇ ಇರುವಾಗ ಅದನ್ನು ಬಳಸದಿರುವುದು ವೃತ್ತಿನಿಷ್ಠೆಯ ಕೊರತೆಯೆಂದೇ ನಾನು ಭಾವಿಸುತ್ತೇನೆ.

ಇದಕ್ಕಿಂತ ಹೆಚ್ಚು ನೋವು ತಂದದ್ದು ಬುಡಕಟ್ಟು ಜನರ ಕುರಿತ ಅಧ್ಯಾಯ. ಅಲ್ಲಿ ‘ಅನ್ವಯಿಸುವುದಿಲ್ಲ’ ಎಂಬ ಒಂದೇ ಸಾಲಿದೆ. ಬಂಜಾರರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಸೇಡಂ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಇವರ ಬೀಗರೇ ಪರಿಶಿಷ್ಟ ಪಂಗಡದವರು. ತಮ್ಮದೇ ಭಾಷೆ, ತಮ್ಮದೇ ನ್ಯಾಯಪಂಚಾಯಿತಿ, ಸೇವಾಲಾಲ್ ಹಾಗೂ ಮರಿಯಮ್ಮನ ಗುಡಿಗಳ ಸುತ್ತ ಕಟ್ಟಿಕೊಂಡ ಬದುಕು ರಾಜ್ಯದ ಗಡಿಯ ಈಚೆಗೂ ಆಚೆಗೂ ಒಂದೇ. 2007ರಲ್ಲಿ ಭಾರತವೂ ಪರವಾಗಿ ಮತ ನೀಡಿದ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯು ಮುಕ್ತವಾದ, ಮುಂಚಿತವಾದ, ಎಲ್ಲವನ್ನೂ ತಿಳಿದು ಕೊಟ್ಟ ಒಪ್ಪಿಗೆಯ ಮಾತನಾಡುತ್ತದೆ. ಜಾತಿಪಟ್ಟಿಯ ಕಾಲಂ ನೋಡಿ ಆ ಸೌಜನ್ಯವನ್ನು ತಾಂಡಾಕ್ಕೆ ನಿರಾಕರಿಸಬೇಕಾದ ಅಗತ್ಯ ಯಾರಿಗೂ ಇರಲಿಲ್ಲ.

ಪರಂಪರೆಯ ಅಧ್ಯಾಯವೂ ಇದೇ ರೀತಿಯದು: ಗಣಿಯ ಸುತ್ತಲಿನ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಂರಕ್ಷಿತ ಸ್ಮಾರಕಗಳ ಪಟ್ಟಿಯನ್ನು ನೋಡಿ, ಏನೂ ಇಲ್ಲವೆಂದು ಬರೆದು ಮುಗಿಸಿದ್ದಾರೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ರಕ್ಷಣೆ ಪಟ್ಟಿಯಲ್ಲಿರುವುದಕ್ಕೆ ಮಾತ್ರ ಸಿಗುತ್ತದೆ. ಆದರೆ ನಮ್ಮ ತಾಲ್ಲೂಕಿನ ಅತಿ ದೊಡ್ಡ ಶೋಧ ಯಾವ ಪಟ್ಟಿಯಿಂದಲೂ ಬಂದದ್ದಲ್ಲ. ಭೀಮಾ ತೀರದ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯ ದಿಬ್ಬವನ್ನು 1990ರ ದಶಕದಲ್ಲಿ ಅಗೆದಾಗ ಮಹಾಸ್ತೂಪವೂ, ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವೂ ದೊರೆತವು. ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಇಸಾಂಪುರದಲ್ಲಂತೂ ಆದಿಮಾನವರು ಇದೇ ಸುಣ್ಣದ ಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡಿಕೊಂಡಿದ್ದ ನೆಲೆ ಸಿಕ್ಕಿದೆ; ಅದರ ವಯಸ್ಸು ಸುಮಾರು 12 ಲಕ್ಷ ವರ್ಷ. ಇಂಥ ನಾಡಿನಲ್ಲಿ ಹೊಲದ ಬದುವಿನ ವೀರಗಲ್ಲು, ತಾಂಡಾದ ಮಣ್ಣು ಮಾಡುವ ಜಾಗ, ಕುರಿಗಾರರು ಕೈಮುಗಿಯುವ ದಿಬ್ಬ ಯಾವುದನ್ನೂ ನಡೆದು ನೋಡದೆ ‘ಏನೂ ಇಲ್ಲ’ ಎನ್ನುವ ಧೈರ್ಯ ಹೇಗೆ ಬಂತು? ದನ ಕಾಯುವ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಒಂದು ದಿನ ತಿರುಗಿದ್ದರೆ ಆ ಅಧ್ಯಾಯ ಬೇರೆಯೇ ಆಗುತ್ತಿತ್ತು.

ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಅವೆರಡೂ ನಕ್ಷೆಗೆ ಮತ್ತು ಕನ್ನಡ ಸಾರಾಂಶಕ್ಕೆ. ಅಹವಾಲು ಸಭೆಯಲ್ಲಿ ಎದ್ದ ಮುಖ್ಯ ಆಕ್ಷೇಪಗಳಿಗೆ ತಕ್ಕಂತೆ ಕರಡನ್ನು ತಿದ್ದಿ ಅಂತಿಮ ವರದಿ ಸಲ್ಲಿಸಬೇಕೆಂಬ ನಿಯಮವಿರುವುದರಿಂದ, ಬಿತ್ತನೆಯ ಕಾಲಕ್ಕೆ ತಾಂಡಾದಲ್ಲಿ ಮತ್ತೊಮ್ಮೆ ಸಮೀಕ್ಷೆ ನಡೆಸಬೇಕು, ಗಾಯರಾಣ ಸಾಗುವಳಿದಾರರ ಹೆಸರು ಸೇರಿಸಬೇಕು, ಪೂಜಾಸ್ಥಳ ಹಾಗೂ ಸ್ಮಶಾನಗಳನ್ನು ಗಣಿ ನಕ್ಷೆಯಲ್ಲಿ ಗುರುತಿಸಬೇಕು ಎಂದು ನಾವು ಲಿಖಿತವಾಗಿ ಕೇಳಿದ್ದೇವೆ. ಇದೇ ಬಗೆಯ ಸಂಸ್ಥೆಯವರು ತಮ್ಮ ಊರಿಗೆ ಬಂದಾಗ ಬೇರೆ ಪಂಚಾಯಿತಿಗಳು ಈ ಮೂರನ್ನೂ ಸಮೀಕ್ಷೆ ಶುರುವಾಗುವ ಮುಂಚೆಯೇ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳುವುದು ಒಳ್ಳೆಯದು.