ಐಒಟಿಡಿಬಿ 2.0: ಮರದ ಪಕ್ಕದಲ್ಲಿ ಈಗ ಟೇಬಲ್ಲೂ ಇದೆ

ಅಪಾಚೆ ಐಒಟಿಡಿಬಿಯನ್ನು ನಾನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಕಂಪ್ರೆಸರ್, ಪಂಪ್, ಮೋಟರ್‌ಗಳ ಸೆನ್ಸರ್ ಡೇಟಾ ಎಲ್ಲಾ ಅದರಲ್ಲೇ ಇದೆ. ಅದು ಸೆಕೆಂಡಿಗೊಂದು ರೀಡಿಂಗ್ ನುಂಗಿಕೊಂಡು ಸುಮ್ನೆ ಕೆಲಸ ಮಾಡುತ್ತಾ ಬಂದಿದೆ. ಒಂದೇ ಕೊರಗು ಇತ್ತು. ಅದರಿಂದ ಏನಾದರೂ ತಿಳಿಯಬೇಕು ಅಂದರೆ ಎಲ್ಲರೂ ನನ್ನ ಹತ್ತಿರವೇ ಬರಬೇಕಿತ್ತು. 2025ರಲ್ಲಿ ಬಂದ 2.0 ಸರಣಿ ಆ ಕೊರಗನ್ನು ಬಹುಮಟ್ಟಿಗೆ ನೀಗಿಸಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾರ್ಖಾನೆಯ ಯಂತ್ರಗಳಿಂದ ಬರುವ ಡೇಟಾವನ್ನು ಸಮಯದ ಸಾಲಿನಲ್ಲಿ ಇಟ್ಟುಕೊಳ್ಳುವ ಓಪನ್ ಸೋರ್ಸ್ ಡೇಟಾಬೇಸ್. ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. 2018ರಲ್ಲಿ ಓಪನ್ ಸೋರ್ಸ್ ಸಂಸ್ಥೆಯಾದ ಅಪಾಚೆಯ ಇನ್‌ಕ್ಯುಬೇಟರ್‌ಗೆ, ಅಂದರೆ ಹೊಸ ಪ್ರಾಜೆಕ್ಟ್‌ಗಳನ್ನು ಬೆಳೆಸುವ ವಿಭಾಗಕ್ಕೆ ಬಂತು, 2020ರಲ್ಲಿ ಪೂರ್ಣ ಪ್ರಮಾಣದ ಅಪಾಚೆ ಪ್ರಾಜೆಕ್ಟ್ ಆಯಿತು. ಡೇಟಾ ಕೂರುವ ಟಿಎಸ್‌ಫೈಲ್ ಎಂಬ ಫೈಲ್ ಫಾರ್ಮ್ಯಾಟ್ ಈಗ ತಾನೇ ಒಂದು ಬೇರೆ ಅಪಾಚೆ ಪ್ರಾಜೆಕ್ಟ್. ಯಂತ್ರದ ಪಕ್ಕದ ಸಣ್ಣ ಕಂಪ್ಯೂಟರ್‌ನಲ್ಲಿ ಆದ ಫೈಲನ್ನು ಹಾಗೇ ಎತ್ತಿಕೊಂಡು ಬಂದು ದೊಡ್ಡ ಸರ್ವರ್‌ಗೆ ಲೋಡ್ ಮಾಡಬಹುದು. ನೆಟ್‌ವರ್ಕ್ ಸರಿಯಿಲ್ಲದ ಕಡೆ ಇದರ ಬೆಲೆ ಗೊತ್ತಾಗುತ್ತೆ.

ಇಷ್ಟು ದಿನ ಇಲ್ಲಿ ಎಲ್ಲವೂ ಮರದ ಆಕಾರದಲ್ಲಿತ್ತು. ಬೇರು, ಅದರ ಕೆಳಗೆ ಘಟಕ, ಅದರ ಕೆಳಗೆ ಲೈನು, ಆಮೇಲೆ ಯಂತ್ರ, ಕೊನೆಗೆ ಸೆನ್ಸರ್. ವಿಳಾಸ ಬರೆಯುವಾಗ ಈ ಹೆಸರುಗಳ ನಡುವೆ ಒಂದೊಂದು ಚುಕ್ಕಿ. ಡೇಟಾ ತುಂಬುವವರಿಗೆ ಇದು ತುಂಬಾ ಸಹಜ, ಏಕೆಂದರೆ ಕಾರ್ಖಾನೆ ಇರುವುದೇ ಹಾಗೆ. ಆದರೆ ಪ್ರಶ್ನೆ ಕೇಳುವವರು ಹಾಗೆ ಯೋಚಿಸುವುದಿಲ್ಲ ಅಲ್ವಾ? "ಈ ಮಾಡೆಲ್‌ನ ಬೇರಿಂಗ್ ಇರುವ ಎಲ್ಲಾ ಕಂಪ್ರೆಸರ್ ತೋರಿಸಿ" ಅಂತ ಕೇಳುತ್ತಾರೆ. ಆ ಪ್ರಶ್ನೆ ಮರದ ಯಾವ ಕೊಂಬೆಗೂ ಸರಿಯಾಗಿ ಕೂರುತ್ತಿರಲಿಲ್ಲ.

2.0ದಲ್ಲಿ ಮರದ ಜೊತೆಗೆ ಟೇಬಲ್ ಬಂದಿದೆ. ಕಂಪ್ರೆಸರ್‌ಗಳಿಗೆಲ್ಲಾ ಸೇರಿ ಒಂದು ಟೇಬಲ್, ಪಂಪ್‌ಗಳಿಗೆ ಒಂದು. ಕಾಲಂಗಳಲ್ಲಿ ಟೈಮ್ ಬಿಟ್ಟು ಮೂರು ಬಗೆ. ಯಂತ್ರ ಯಾವುದು ಎಂದು ಗುರುತಿಸುವುದು ಟ್ಯಾಗ್. ತಯಾರಕರು, ಮಾಡೆಲ್ ಇಂಥ ಸಮಯದ ಜೊತೆ ಬದಲಾಗದ ವಿವರ ಆಟ್ರಿಬ್ಯೂಟ್. ಅಳತೆಗಳು ಫೀಲ್ಡ್.

ನಮ್ಮ ಮೆಂಟೆನೆನ್ಸ್ ಸೂಪರ್‌ವೈಸರ್ ಬಿಡಿಭಾಗಗಳ ಲೆಕ್ಕಕ್ಕೆ ಅಂತ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಕಲಿತವರು. ಸೆಲೆಕ್ಟ್, ವೇರ್, ಗ್ರೂಪ್ ಬೈ ಗೊತ್ತು, ಅಷ್ಟೇ. ಒಂದು ಬೆಳಿಗ್ಗೆ ಬಂದು, "ಮೂರನೇ ಕಂಪ್ರೆಸರ್ ಬೇರಿಂಗ್ ರಾತ್ರಿ ಎಷ್ಟು ಬಿಸಿಯಾಗಿತ್ತು? ಗಂಟೆ ಗಂಟೆಯ ಸರಾಸರಿ ಬೇಕು" ಅಂದರು. ನಾನು ಕೀಬೋರ್ಡ್ ಅವರ ಕಡೆ ಸರಿಸಿದೆ. ಸಮಯವನ್ನು ಗಂಟೆಗಳಾಗಿ ತುಂಡು ಮಾಡುವ ಡೇಟ್ ಬಿನ್ ಫಂಕ್ಷನ್ ಒಂದನ್ನು ಮಾತ್ರ ಹೇಳಿಕೊಟ್ಟೆ. ಉಳಿದದ್ದು ಅವರಿಗೆ ಗೊತ್ತಿದ್ದ ಎಸ್‌ಕ್ಯೂಎಲ್ಲೇ. ಉತ್ತರ ಬಂದ ಮೇಲೆ ಎದ್ದು ಹೋಗಲಿಲ್ಲ, ಇನ್ನೂ ನಾಲ್ಕು ಪ್ರಶ್ನೆ ಅವರೇ ಟೈಪ್ ಮಾಡಿದರು. ಈ ಅಪ್‌ಡೇಟ್‌ಗೆ ಹಾಕಿದ ಶ್ರಮ ಸಾರ್ಥಕ ಅನ್ನಿಸಿದ್ದು ಆಗ.

ಟ್ಯಾಗ್ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಇದನ್ನು ಒತ್ತಿ ಹೇಳುತ್ತೇನೆ. ಮೊದಲ ಪ್ರಯತ್ನದಲ್ಲಿ ನಾನು ಪಂಪಿನ ನಂಬರನ್ನು ಫೀಲ್ಡ್ ಅಂತ ಬರೆದುಬಿಟ್ಟೆ. ಟ್ಯಾಗ್ ಆಗಿ ಲೈನಿನ ಹೆಸರು ಮಾತ್ರ ಇತ್ತು. ಯಾವ ಎರರ್ ಕೂಡ ಬರಲಿಲ್ಲ. ಸಂಜೆ ನೋಡಿದರೆ ಸಾಲುಗಳು ಅರ್ಧಕ್ಕರ್ಧ ಕಡಿಮೆ. ಟ್ಯಾಗ್ ಮತ್ತು ಟೈಮ್ ಎರಡೂ ಒಂದೇ ಆದರೆ ಅದು ಒಂದೇ ಸಾಲು ಅಂತ ಲೆಕ್ಕ. ಒಂದೇ ಕ್ಷಣಕ್ಕೆ ಬಂದ ಎರಡು ಪಂಪ್‌ಗಳ ರೀಡಿಂಗ್‌ನಲ್ಲಿ ಎರಡನೆಯದು ಮೊದಲನೆಯದರ ಮೇಲೆ ಕೂತಿತ್ತು. ತಪ್ಪು ನನ್ನದೇ. ಟೇಬಲ್ ಅಳಿಸಿ ಮತ್ತೆ ಕಟ್ಟಿದೆ. ಪ್ರಯೋಗದ ಡೇಟಾ ಆಗಿದ್ದಕ್ಕೆ ಬಚಾವ್. ಟೇಬಲ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಯಾವ ಹೆಸರು ಸೇರಿದರೆ ಒಂದು ಯಂತ್ರ ಪಕ್ಕಾ ಗುರುತು ಸಿಗುತ್ತೆ? ಅಷ್ಟೂ ಟ್ಯಾಗ್ ಆಗಬೇಕು.

ಆಟ್ರಿಬ್ಯೂಟ್ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ಒಂದು ಯಂತ್ರದ ಒಂದು ಆಟ್ರಿಬ್ಯೂಟ್‌ಗೆ ಒಂದು ಮೌಲ್ಯ ಮಾತ್ರ ನಿಲ್ಲುತ್ತೆ. ಬೇರಿಂಗ್ ಬದಲಿಸಿ ಹೊಸ ಮಾಡೆಲ್ ಹೆಸರು ಅಪ್‌ಡೇಟ್ ಮಾಡಿದರೆ, ಹಿಂದಿನ ವರ್ಷದ ರೀಡಿಂಗ್‌ಗಳೂ ಹೊಸ ಬೇರಿಂಗಿನವು ಅಂತ ಕಾಣುತ್ತವೆ. ಅದಕ್ಕೇ ನಾನು ರಿಪೇರಿಗಳಿಗೆ ಬೇರೆ ಟೇಬಲ್ ಇಟ್ಟಿದ್ದೇನೆ: ಯಾವ ದಿನ, ಯಾವ ಯಂತ್ರ, ಯಾವ ಬೇರಿಂಗ್. ಇಲ್ಲಿ ಕೈ ಹಿಡಿಯುವುದು ಆ್ಯಸ್ ಆಫ್ ಜಾಯಿನ್. ಜಾಯಿನ್ ಅಂದರೆ ಎರಡು ಟೇಬಲ್‌ಗಳ ಸಾಲುಗಳನ್ನು ಜೋಡಿಸುವುದು. ಮಾಮೂಲಿ ಜಾಯಿನ್‌ಗೆ ಎರಡು ಕಡೆಯ ಟೈಮ್ ಕರಾರುವಾಕ್ಕಾಗಿ ಕೂಡಬೇಕು, ಕಾರ್ಖಾನೆಯಲ್ಲಿ ಅದು ಎಲ್ಲಿ ಆಗುತ್ತೆ? ಇದು ಆ ಕ್ಷಣಕ್ಕಿಂತ ಹಿಂದಿನ ಹತ್ತಿರದ ಸಾಲನ್ನು ಹುಡುಕಿ ಜೋಡಿಸುತ್ತೆ. ಪ್ರತಿ ರೀಡಿಂಗ್ ಪಕ್ಕದಲ್ಲಿ ಆ ಹೊತ್ತಿಗೆ ಯಾವ ಬೇರಿಂಗ್ ಇತ್ತು ಎಂದು ಸಿಗುತ್ತೆ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಇದೇ ಜಾಸ್ತಿ ಉಪಯೋಗಕ್ಕೆ ಬಂದದ್ದು.

ಹಳೇ ಡೇಟಾ ಕಥೆ ಏನು ಅಂತ ಕೇಳಬಹುದು. ಅಪ್‌ಗ್ರೇಡ್ ಆದ ದಿನ ಟೇಬಲ್ ಮೋಡ್‌ನಲ್ಲಿ ಕನೆಕ್ಟ್ ಆಗಿ ಡೇಟಾಬೇಸ್ ಪಟ್ಟಿ ಕೇಳಿದೆ. ನಮ್ಮದು ಒಂದೂ ಇಲ್ಲ! ಎದೆ ಧಸಕ್ ಅಂತು. ಆಮೇಲೆ ಗೊತ್ತಾಯಿತು, ಕನೆಕ್ಟ್ ಆಗುವಾಗಲೇ ಮರ ಬೇಕೋ ಟೇಬಲ್ ಬೇಕೋ ಎಂದು ಹೇಳಬೇಕು, ಒಂದರ ಡೇಟಾಬೇಸ್ ಇನ್ನೊಂದರಲ್ಲಿ ಕಾಣುವುದಿಲ್ಲ. ಹೇಳದೆ ಹೋದರೆ ಮರವೇ. ಹಳೇ ಡೇಟಾ ಎಲ್ಲಾ ಇದ್ದ ಜಾಗದಲ್ಲೇ ಇತ್ತು. ಈ ಸರಣಿಯ ಮುಂದಿನ ಆವೃತ್ತಿಗಳಲ್ಲಿ ಮರದ ಡೇಟಾವನ್ನು ಟೇಬಲ್ ಆಗಿ ತೋರಿಸುವ ವ್ಯೂ ಬಂತು. ಮರದ ಹಂತಗಳು ಟ್ಯಾಗ್ ಕಾಲಂಗಳಾಗಿ, ಸೆನ್ಸರ್‌ಗಳು ಫೀಲ್ಡ್‌ಗಳಾಗಿ ಟೇಬಲ್ ರೂಪದಲ್ಲಿ ಕಾಣುತ್ತವೆ. ಡೇಟಾ ಎತ್ತಿ ಇಡುವ ಕೆಲಸವೇ ಇಲ್ಲ. ವ್ಯೂ ಮೂಲಕ ಓದಬಹುದು, ಬರೆಯಲು ಆಗುವುದಿಲ್ಲ. ನಮಗೆ ಅಷ್ಟು ಸಾಕು. ಹಳೇ ಯಂತ್ರಗಳು ಮರಕ್ಕೇ ಬರೆಯುತ್ತಿವೆ, ಕೇಳುವವರು ಟೇಬಲ್ ನೋಡುತ್ತಾರೆ. ಎಲ್ಲವನ್ನೂ ಒಂದೇ ಸಲ ಟೇಬಲ್‌ಗೆ ಬದಲಿಸಲು ಹೊರಡಬೇಡಿ.

ನಡುವೆ ಡೇಟಾ ಬಿಟ್ಟುಹೋದ ಗಂಟೆಗಳನ್ನು ತುಂಬಿಕೊಡುವ ಗ್ಯಾಪ್‌ಫಿಲ್ ಸೌಲಭ್ಯವೂ ಇದೆ. ಎರಡು ತುದಿಗೆ ಗೆರೆ ಎಳೆದು ನಡುವಿನ ಮೌಲ್ಯ ಕೊಡು ಅಂದರೆ ಕೊಡುತ್ತೆ. ಬೇರಿಂಗ್ ತಾಪಕ್ಕೆ ನಾನು ಇದನ್ನು ಬಳಸುವುದಿಲ್ಲ. ಸೆನ್ಸರ್ ಮೌನವಾಗಿದ್ದ ಹೊತ್ತಿನಲ್ಲೇ ಯಂತ್ರ ಕಾದಿರಬಹುದು. ಖಾಲಿ ಇದ್ದದ್ದು ಖಾಲಿಯಾಗೇ ಕಾಣಲಿ.

ಮುಂದಿನ ರೀಡಿಂಗ್ ಅಂದಾಜು ಮಾಡುವ ಎಐನೋಡ್ ಬೇರೆಯದೇ ಪ್ರೋಗ್ರಾಂ, ಅದನ್ನು ಪ್ರತ್ಯೇಕವಾಗಿ ಹಾಕಬೇಕು. ಸ್ವಲ್ಪ ನೋಡಿದ್ದೇನೆ, ತೀರ್ಪು ಕೊಡುವಷ್ಟು ಬಳಸಿಲ್ಲ.

ಶುರು ಮಾಡುವವರಿಗೆ ಎರಡು ಎಚ್ಚರಿಕೆ. ಟೈಮ್‌ಸ್ಟ್ಯಾಂಪ್, ಅಂದರೆ ಪ್ರತಿ ರೀಡಿಂಗಿನ ಸಮಯದ ಗುರುತು, ಮಿಲಿಸೆಕೆಂಡಿನಲ್ಲಿ ಬೇಕೋ ನ್ಯಾನೋಸೆಕೆಂಡಿನಲ್ಲಿ ಬೇಕೋ ಎಂಬುದನ್ನು ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆಯೇ ತೀರ್ಮಾನಿಸಿ, ಆಮೇಲೆ ಬದಲಿಸಲು ಆಗುವುದಿಲ್ಲ. ಇನ್ನು ಡೇಟಾ ಎಷ್ಟು ದಿನ ಇರಬೇಕು ಎಂಬ ಟಿಟಿಎಲ್ ಅನ್ನು ಮಿಲಿಸೆಕೆಂಡಿನಲ್ಲಿ ಕೊಡಬೇಕು. ಒಂದು ವರ್ಷಕ್ಕೆ 31536000000. ಸೊನ್ನೆಗಳನ್ನು ಎರಡು ಸಲ ಎಣಿಸಿ, ಒಂದು ಕಡಿಮೆಯಾದರೆ ಒಂದೂಕಾಲು ತಿಂಗಳಿಗೇ ಡೇಟಾ ಹೋಗುತ್ತೆ.

ಸೂಪರ್‌ವೈಸರ್‌ಗೆ ಈಗ ಓದುವ ಅನುಮತಿ ಮಾತ್ರ ಇರುವ ಒಂದು ಯೂಸರ್ ಮಾಡಿಕೊಟ್ಟಿದ್ದೇನೆ. ಹೋದ ವಾರ ಅವರೇ ಬರೆದ ಒಂದು ಕ್ವೆರಿ ಕಳಿಸಿದ್ದರು. ಮೌಲ್ಯ ಬದಲಾದಾಗಲೆಲ್ಲಾ ಹೊಸ ಗುಂಪು ಮಾಡುವ ವೇರಿಯೇಶನ್ ಫಂಕ್ಷನ್ ಬಳಸಿ, ನಾಲ್ಕನೇ ಪಂಪ್ ದಿನಕ್ಕೆ ಎಷ್ಟು ಸಲ ನಿಂತು ಶುರುವಾಗುತ್ತೆ ಎಂದು ಎಣಿಸಿದ್ದರು. ಪಕ್ಕದ ಪಂಪಿಗಿಂತ ತುಂಬಾ ಜಾಸ್ತಿ ಇತ್ತು. ನಾಲ್ಕು ವರ್ಷದಿಂದ ಆ ಡೇಟಾ ನನ್ನ ಕೈಯಲ್ಲೇ ಇತ್ತು, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.