ಟರ್ಕಿ ಬೇಟೆಯ ಮೂರು ‘ಕಾಲ್’ಗಳು: ಹಲವು ವಸಂತಗಳ ಬಳಕೆಯ ನಂತರ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಸಂತಕಾಲದ ಟರ್ಕಿ ಕೋಳಿ ಬೇಟೆಗೆ ಹುಂಜದ ಬೆನ್ನುಹತ್ತಿ ಹೋಗುವಂತಿಲ್ಲ. ಹೇಂಟೆಯಂತೆ ಕೂಗಿ ಕರೆಸಿಕೊಂಡೇ ಹೊಡೆಯಬೇಕು. ವಿದ್ಯುನ್ಮಾನ ಧ್ವನಿಸಾಧನಕ್ಕೂ ಅನುಮತಿಯಿಲ್ಲ. ಹಾಗಾಗಿ ಬಂದೂಕಿಗಿಂತ ಹೆಚ್ಚು ಯೋಚಿಸಿ ಕೊಳ್ಳಬೇಕಾದದ್ದು ‘ಕಾಲ್’, ಅಂದರೆ ಹೇಂಟೆಯ ಕೂಗನ್ನು ಅನುಕರಿಸುವ ಪುಟ್ಟ ಸಾಧನ.

ಹೊಸಬರು ಕಣ್ಣುಮುಚ್ಚಿ ಬಾಕ್ಸ್ ಕಾಲ್ ಕೊಳ್ಳಲಿ. ತೆಳುಗೋಡೆಯ ಮರದ ಪೆಟ್ಟಿಗೆ, ಒಂದು ತುದಿಗೆ ತಿರುಪು ಹಾಕಿ ಕೂರಿಸಿದ ಮುಚ್ಚಳ. ಗೋಡೆಯಂಚಿಗೆ ಮುಚ್ಚಳ ಉಜ್ಜಿದರೆ ಹೇಂಟೆಯ ಕರೆ ‘ಯೆಲ್ಪ್’ ಹೊರಡುತ್ತದೆ: ಮೊದಲು ತೆಳು ಎತ್ತರದ ಸ್ವರ, ಮರುಕ್ಷಣವೇ ಒಡಕು. ಅರ್ಕಾನ್ಸಾದ ಗಿಬ್ಸನ್ ಎಂಬಾತ 1897ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಗೂ ನನ್ನ ಕೈಯಲ್ಲಿರುವುದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಎಣ್ಣೆಯಂಶವಿಲ್ಲದ ಸೀಮೆಸುಣ್ಣ ಹಚ್ಚಿ, ತಿರುಪಿನ ತಂಟೆಗೆ ಹೋಗದಿದ್ದರೆ ಬಹುಕಾಲ ಬಾಳುತ್ತದೆ. ಮಳೆ ಮಾತ್ರ ಇದಕ್ಕೆ ಆಗದು.

ಮೆಲುದನಿಗೆ ಸ್ಲೇಟ್ ಕಾಲ್‌ಗೆ ಸಮನಿಲ್ಲ. ಕಲ್ಲಿನ ಬಿಲ್ಲೆಯ ಮೇಲೆ ಮರದ ಕಡ್ಡಿಯನ್ನು ಓರೆಯಾಗಿ ಹಿಡಿದು ಪುಟ್ಟ ಸೊನ್ನೆ ಸುತ್ತಿದರೆ ಯೆಲ್ಪ್, ಹಗುರಾಗಿ ಎಳೆದರೆ ಮೆಲ್ಲನೆ ಗುರುಗುಟ್ಟುವ ‘ಪರ್’. ಕಡ್ಡಿಯ ತುದಿ ಕಲ್ಲನ್ನು ಬಿಟ್ಟೇಳಬಾರದು. ಬೆರಳಿನ ಜಿಡ್ಡು ತಾಗಿದರೂ ಕಡ್ಡಿ ಜಾರುತ್ತದೆ.

ಮೌತ್ ಕಾಲ್ ಹಟಮಾರಿಗಳಿಗೆ. ಕುದುರೆಲಾಳದಾಕಾರದ ಚೌಕಟ್ಟಿಗೆ ಬಿಗಿದ ಲೇಟೆಕ್ಸ್ (ರಬ್ಬರ್) ಪೊರೆಗಳನ್ನು ಅಂಗುಳಿಗೆ ಒತ್ತಿ, ಕನ್ನಡಕ ಒರೆಸುವ ಮುನ್ನ ಹಬೆ ಬಿಡುವಂತೆ ಗಂಟಲಿನಿಂದ ಉಸಿರು ತಳ್ಳಬೇಕು. ಮೊದಮೊದಲು ಓಕರಿಕೆ, ಆಮೇಲೆ ಮನೆಯವರ ಕೋಪ; ಅಭ್ಯಾಸವನ್ನು ಕಾರಿನಲ್ಲಿ ಮಾಡುವುದು ಕ್ಷೇಮ. ಆದರೆ ಹುಂಜ ಹತ್ತಿರ ಬಂದಾಗ ಕೈ ಅಲ್ಲಾಡಿದರೆ ಕೆಲಸ ಕೆಟ್ಟಿತು. ಎರಡೂ ಕೈಗಳನ್ನು ಬಂದೂಕಿನ ಮೇಲೇ ಬಿಡುವ ಕಾಲ್ ಇದೊಂದೇ.

ತಯಾರಕರ ಸೂಚನಾ ಚೀಟಿಗಳ ಬಗ್ಗೆ ನನಗೆ ತಕರಾರಿದೆ. ಸ್ವರ ಹೊರಡಿಸುವುದನ್ನು ಕಲಿಸುತ್ತವೆ, ನಿಲ್ಲಿಸುವುದನ್ನಲ್ಲ. ಸಹಜವಾಗಿ ಹುಂಜ ಕೂಗುತ್ತದೆ, ಹೇಂಟೆ ಅದರ ಬಳಿಗೆ ಹೋಗುತ್ತದೆ. ನಾವು ಕೇಳುವುದು ಉಲ್ಟಾ. ಎಡೆಬಿಡದೆ ಯೆಲ್ಪ್ ಮಾಡಿದರೆ, ಹೇಂಟೆ ಬಂದೇ ಬರುತ್ತದೆಂದು ಹುಂಜ ಗುಂಡಿನಳತೆಯಾಚೆ ಗರಿಗೆದರಿ ನಿಂತುಬಿಡುತ್ತದೆ. ಆಗ ಒಂದೆರಡು ‘ಕ್ಲಕ್’ (ಚುಟುಕು ಕೂಗು), ಜೊತೆಗೆ ತರಗೆಲೆಗಳನ್ನು ಹಕ್ಕಿ ಕೆದಕಿದ ಹಾಗೆ ಕೈಯಿಂದ ಕೆದಕಿ ಸುಮ್ಮನಾಗಬೇಕು. ಈ ತರಗೆಲೆ ಸದ್ದಿಗೆ ಬೆಲೆಯೂ ಇಲ್ಲ, ಬೈಗುಳವೂ ಇಲ್ಲ.

ನಿಮ್ಮ ಕೂಗು ಇನ್ನೊಬ್ಬ ಬೇಟೆಗಾರನನ್ನೂ ಮೋಸಗೊಳಿಸಬಲ್ಲದು. ದಪ್ಪ ಮರಕ್ಕೆ ಬೆನ್ನುಕೊಟ್ಟು ಕೂರಿ; ಹುಂಜದ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ.

ನನ್ನ ಅಂಕ: ಬಾಕ್ಸ್‌ಗೆ ಐದಕ್ಕೆ ಐದು, ಸ್ಲೇಟ್‌ಗೆ ನಾಲ್ಕು. ಮೌತ್ ಕಾಲ್‌ಗೂ ನಾಲ್ಕೇ, ಏಕೆಂದರೆ ಪೊರೆಗಳ ನಡುವೆ ಹಲ್ಲುಕಡ್ಡಿ ಇಟ್ಟು ಫ್ರಿಜ್ಜಿನಲ್ಲಿ ಕಾಪಾಡಿದರೂ ಲೇಟೆಕ್ಸ್ ಸಡಿಲವಾಗಿ ಮತ್ತೆ ಹೊಸದು ಕೊಳ್ಳಬೇಕಾಗುತ್ತದೆ.